ಅರ್ಧಕ್ಕೆ ಬಿಟ್ಟ ಬಿ.ಕಾಂ. ಬೇರೆ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಪೂರ್ತಿ ಬರುತ್ತದೆಂದು ನಂಬಿ ಕೂರಬೇಡಿ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಇರುವುದೇ ಇದಕ್ಕಾಗಿ. ಪಾಸಾದ ವಿಷಯಗಳ ಕ್ರೆಡಿಟ್, ಅಂದರೆ ಓದನ್ನು ಅಳೆಯುವ ಯೂನಿಟ್, ನಿಮ್ಮ ಹೆಸರಿನಲ್ಲಿ ಜಮಾ ಆಗಿ, ಗರಿಷ್ಠ 7 ವರ್ಷ ಉಳಿಯುತ್ತದೆ.

'ಎರಡು ವರ್ಷ ಮುಗಿದಿದೆ, ಇನ್ನೊಂದೇ ವರ್ಷ' ಅಂತ ನೀವು ಬರೆದಿದ್ದೀರಿ. ತೊಡಕು ಇರುವುದು ಅಲ್ಲೇ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಬೇಕೆಂಬ ನಿಯಮವಿದೆ. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದಿಟ್ಟುಕೊಳ್ಳಿ. ನಿಮ್ಮ ಬಳಿ 80 ಇದ್ದರೂ ಹೊಸ ಕಡೆ ಹೆಚ್ಚೆಂದರೆ 60 ನಡೆಯುತ್ತದೆ. ಸಿಲಬಸ್ ತಾಳೆಯಾಗದಿದ್ದರೆ ಅದೂ ಕಡಿಮೆಯಾಗಬಹುದು. ಹಾಗಾಗಿ, ಸಾಧ್ಯವಿದ್ದರೆ ಹಳೆಯ ವಿಶ್ವವಿದ್ಯಾಲಯದಲ್ಲೇ ಮುಗಿಸುವುದು ಲಾಭ ಅನ್ನುವುದು ನನ್ನ ಅಭಿಪ್ರಾಯ.

ಬದಲಿಸಲೇಬೇಕೆಂದರೆ, ಮೊದಲು ಡಿಜಿಲಾಕರ್ ಮೂಲಕ ನಿಮ್ಮ ಎಬಿಸಿ ಖಾತೆ ತೆರೆದು ಕ್ರೆಡಿಟ್ ಕಾಣುತ್ತಿದೆಯೇ ನೋಡಿ. ಖಾಲಿ ಇದ್ದರೆ ನೀವೇ ತುಂಬಲು ಬರುವುದಿಲ್ಲ, ಹಳೆಯ ಸಂಸ್ಥೆಯೇ ಏರಿಸಬೇಕು. ಅಂಕಪಟ್ಟಿಯ ಜೊತೆ ನೀವು ಓದಿದ ವರ್ಷದ ಸಿಲಬಸ್ ಪ್ರತಿಯನ್ನೂ ಇಟ್ಟುಕೊಳ್ಳಿ. ಎಷ್ಟು ಕ್ರೆಡಿಟ್ ಒಪ್ಪುತ್ತಾರೆ ಅನ್ನುವುದನ್ನು ಶುಲ್ಕ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.