ಗುಡಿಸಿಟ್ಟ ಖಾಲಿ ಮನೆ

ರಾಯಪ್ಪ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರು. ವಯಸ್ಸು 36, ಇಬ್ಬರು ಮಕ್ಕಳು. ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯಲ್ಲಿ (ಕ್ಯಾಥೋಲಿಕರ ಮುಖ್ಯ ಆರಾಧನೆ) ಬೈಬಲ್ ವಾಚನ ಓದುವವರೂ ಅವರೇ. (ಹೆಸರು, ವಿವರ ಬದಲಿಸಿದ್ದೇನೆ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಅಡಿಕೆ ಕೊಯ್ಲು ಶುರುವಾಗಿ ಮಂಡಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲದ ದಿನಗಳಲ್ಲಿ ಅರ್ಧ ದಿನ ರಜೆ ಹಾಕಿ, ಹಣ ಕಟ್ಟಿ ಆಡುವ ಚಟಕ್ಕೆ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಬೆರಳ ಸಂದಿಯಲ್ಲಿ ಇನ್ನೂ ಅಡಿಕೆ ಧೂಳಿತ್ತು.

"ಮೇಡಂ, ಬೇಡ ಅಂತ ಗೊತ್ತಿದ್ದೇ ಆಡ್ತೀನಿ. ಈ ಆಸೆನೇ ತೆಗೆದುಬಿಡು ದೇವರೇ ಅಂತ ಎರಡು ವರ್ಷದಿಂದ ಕೇಳ್ತಿದ್ದೀನಿ. ತೆಗೀಲಿಲ್ಲ. ನನ್ನನ್ನ ಕೈಬಿಟ್ಟಿದ್ದಾನೆ ಅನ್ಸುತ್ತೆ."

ಮೊದಲು ರಮ್ಮಿ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದಾಗ ಆ ಆ್ಯಪ್ ನಿಂತಿತು. ದೇವರೇ ಸರ್ಕಾರದ ಕೈಲಿ ಮಾಡಿಸಿದ ಎಂದು ಮೇಣದಬತ್ತಿ ಹಚ್ಚಿ ಬಂದರಂತೆ. ಮೂರೇ ವಾರಕ್ಕೆ ಯಾರೋ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದರು, ಕ್ರಿಕೆಟ್ ಬೆಟ್ಟಿಂಗ್ ಶುರು. ಒಟ್ಟು ಸಾಲ 1 ಲಕ್ಷ 80 ಸಾವಿರ, ಅದರಲ್ಲಿ 22 ಸಾವಿರ ಮಂಡಿಯ ಗಲ್ಲಾಪೆಟ್ಟಿಗೆಯದು. ಹೆಂಡತಿಗೆ ಗೊತ್ತಿದ್ದದ್ದು 30 ಸಾವಿರ ಮಾತ್ರ.

ಮೊದಲ ಭೇಟಿಯಲ್ಲಿ ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ: ಆ ಗುಂಪಿನಿಂದ ಹೊರಗೆ ಬನ್ನಿ, ರಾತ್ರಿ ಒಂಬತ್ತಕ್ಕೆ ಫೋನು ಹೆಂಡತಿ ಕೈಗೆ ಕೊಡಿ. ಕೊಟ್ಟರು. ಹದಿನೈದು ದಿನಕ್ಕೆ ಇನ್ನೊಂದು ಹಳೇ ಫೋನು ಕೊಂಡು ಮಂಡಿಯ ಡ್ರಾಯರಿನಲ್ಲಿಟ್ಟಿದ್ದರು. ಎಡವಿದ್ದು ನಾನು. ಬಾಗಿಲು ಹಾಕಿಸುವುದರಲ್ಲೇ ಇದ್ದೆ, ಒಳಗೆ ಯಾರಿದ್ದಾರೆ ಎಂದು ನೋಡಿರಲಿಲ್ಲ.

ಎರಡನೇ ಸಲ ಬೈಬಲ್ಲನ್ನೇ ತೆಗೆದೆವು. ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಮನುಷ್ಯನನ್ನು ಬಿಟ್ಟುಹೋದ ದೆವ್ವ ತಿರುಗಿ ಬಂದು ನೋಡುತ್ತದೆ: ಮನೆ ಗುಡಿಸಿ ಒಪ್ಪವಾಗಿದೆ, ಆದರೆ ಖಾಲಿ. ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಬಂದು ಸೇರಿಕೊಳ್ಳುತ್ತದೆ. ಓದಿ ಮುಗಿಸಿ ರಾಯಪ್ಪ ಸುಮ್ಮನೆ ಕೂತರು. ಆಮೇಲೆ, "ನಾನು ಬರೀ ಗುಡಿಸ್ತಾ ಇದ್ದೆ" ಎಂದರು.

ಶೋಧನೆ ಎಂಬ ಪದದ ಬಗ್ಗೆಯೂ ಮಾತಾಯಿತು. ಚರ್ಚಿನಲ್ಲಿ ಅದು ಪಾಪಕ್ಕೆ ಸೆಳೆಯುವ ಪ್ರಲೋಭನೆ, ಚರ್ಚಿನ ಹೊರಗೆ ಪೊಲೀಸರು ಮನೆ ಜಾಲಾಡುವ ಮಾತು. ಆಸೆ ಬಂದದ್ದೇ ಪಾಪ ಎಂದು ಅವರು ನಂಬಿಕೊಂಡಿದ್ದರು. ಆಸೆ ಬಂದ ಕೂಡಲೇ ಸೋತೆ ಎಂದುಕೊಂಡವರು, ಹೇಗಿದ್ದರೂ ಸೋತಾಯಿತಲ್ಲ ಎಂದು ಆಡಿಯೇಬಿಡುತ್ತಾರೆ. ಯೇಸುವಿಗೂ ಶೋಧನೆ ಬಂತು, 40 ದಿನ ಉಪವಾಸವಿದ್ದು ಹಸಿದ ಹೊತ್ತಿಗೇ, ಕಲ್ಲನ್ನು ರೊಟ್ಟಿ ಮಾಡು ಎಂದು. "ನಿಮ್ಮ ಹಸಿದ ಹೊತ್ತು ಯಾವುದು?" ಎಂದು ಕೇಳಿದೆ. ಅವರಿಗೆ ಯೋಚನೆಯೇ ಬೇಕಾಗಲಿಲ್ಲ. ರಾತ್ರಿ ಒಂಬತ್ತೂವರೆ, ಹೆಂಡತಿ ಮಕ್ಕಳನ್ನು ಮಲಗಿಸಲು ಒಳಗೆ ಹೋದಾಗ, ಜಗಲಿಯ ಮೇಲೆ ಒಬ್ಬರೇ.

ಆಗ ಕೊಟ್ಟ ಸಲಹೆ ಬೇರೆಯೇ ಆಯಿತು. ಪ್ರಾರ್ಥನೆ ಆ ಹೊತ್ತಿನಲ್ಲಲ್ಲ, ಅದಕ್ಕೂ ಮುಂಚೆ, ಎಂಟಕ್ಕೇ, ಮಕ್ಕಳ ಜೊತೆ ಜಪಸರ. ತುಡಿತ ಬಂದರೆ ಅಲ್ಲೇ ಮೊಣಕಾಲೂರಿ ಹೋರಾಡುವುದು ಬೇಡ, ಎದ್ದು ನಡೆಯಿರಿ. ಅಲೆಯ ಹಾಗೆ ಏರಿದ್ದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಬೈಬಲ್ಲಿನ ಯೋಸೇಫ, ತನ್ನನ್ನು ಸೆಳೆಯಲು ಬಂದ ಯಜಮಾನ ಪೋಟೀಫರನ ಹೆಂಡತಿಯೆದುರು ನಿಂತು ಪ್ರಾರ್ಥಿಸಲಿಲ್ಲ, ಮೇಲಂಗಿ ಬಿಟ್ಟು ಓಡಿದ. ರಾಯಪ್ಪ ನಕ್ಕಿದ್ದು ಅದೇ ಮೊದಲು.

ಸಾಲದ ಪೂರ್ತಿ ಲೆಕ್ಕ ಒಂದೇ ಹಾಳೆಯಲ್ಲಿ ಬರೆದು ಹೆಂಡತಿಗೆ, ಆಮೇಲೆ ಮಂಡಿಯ ಯಜಮಾನರಿಗೆ ಹೇಳಲೇಬೇಕು ಎಂದೆ. ಒಪ್ಪಿಸಲು ಮೂರು ಭೇಟಿ ಹಿಡಿಯಿತು. ಫಾದರ್ ಹತ್ತಿರ ಪಾಪನಿವೇದನೆ ಆಗಿದೆಯಲ್ಲ ಎಂಬುದು ಅವರ ವಾದ. ಕ್ಷಮೆ ಸಿಕ್ಕಿರಬಹುದು, 22 ಸಾವಿರ ವಾಪಸ್ ಹೋಗಿಲ್ಲವಲ್ಲ? ಯಜಮಾನರು ಕೂಗಾಡಿದರು, ಸಂಬಳದಲ್ಲಿ ಕಂತು ಹಿಡಿದರು, ಗಲ್ಲಾದಿಂದ ಎಬ್ಬಿಸಿ ತೂಕದ ಲೆಕ್ಕಕ್ಕೆ ಹಾಕಿದರು. ನನಗೆ ಅದು ಒಳ್ಳೆಯದೇ ಅನ್ನಿಸಿತು. "ನಮ್ಮನ್ನು ಶೋಧನೆಯೊಳಗೆ ಸೇರಿಸದೆ" ಎಂದು ದಿನಾ ಬೇಡಿಕೊಂಡು, ಬೆಳಗ್ಗೆ ಹೋಗಿ ನೋಟಿನ ಕಟ್ಟಿನ ಮುಂದೆ ಕೂತರೆ ಹೇಗೆ?

ನಿದ್ದೆ ಪೂರ್ತಿ ಕೆಟ್ಟರೆ ಅಥವಾ ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ ಎಂದೂ ಬರೆದುಕೊಟ್ಟೆ. ವೈದ್ಯರ ಹತ್ತಿರ ಹೋದರೆ ವಿಶ್ವಾಸ ಕಡಿಮೆಯಾಯಿತು ಎಂದಲ್ಲ.

ಖಾಲಿ ಮನೆ ತುಂಬಿದ್ದು ನನ್ನ ಸಲಹೆಯಿಂದಲ್ಲ. ರಾಯಪ್ಪನವರ ಬೀದಿಯಲ್ಲಿ ಹಾಸಿಗೆ ಹಿಡಿದ ಕೊಂಕಣಿ ಅಜ್ಜಿಯೊಬ್ಬರಿದ್ದಾರೆ. ಫಾದರ್ ರಾತ್ರಿ ಮಾತ್ರೆ ಕೊಡುವ ಕೆಲಸವನ್ನು ಇವರಿಗೆ ಒಪ್ಪಿಸಿದರು, ಅದೂ ಒಂಬತ್ತೂವರೆಗೆ. ಮಾತ್ರೆ ನುಂಗಿಸಿ ಬೈಬಲ್ಲಿನ ಒಂದು ಕೀರ್ತನೆ ಓದಬೇಕು. ಇವರು ಓದುವಾಗ ಅಜ್ಜಿ ಕಣ್ಣು ಮುಚ್ಚಿಕೊಂಡೇ, "ಗಡಿಬಿಡಿ ಮಾಡಬೇಡ ಮಗಾ, ಮೊದಲಿಂದ ಓದು" ಅನ್ನುತ್ತಾರಂತೆ.

ಫೆಬ್ರವರಿಯಲ್ಲಿ ಒಮ್ಮೆ ಜಾರಿದರು, 500 ರೂಪಾಯಿ. ಅದೇ ರಾತ್ರಿ ಹೆಂಡತಿಗೆ ಹೇಳಿದರು. ಮೊದಲು ಇಂಥದ್ದನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದರು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಸಲ ಮಾತು ಮುಗಿಯುವ ಮೊದಲೇ ಎದ್ದರು. ಅಜ್ಜಿಯ ಮಾತ್ರೆ ಮುಗಿದಿತ್ತು, ಔಷಧಿ ಅಂಗಡಿ ಮುಚ್ಚುವುದರೊಳಗೆ ಹೋಗಬೇಕಿತ್ತು.