ನಿಮ್ಮ ಕೋಳಿಗೇನೂ ಆಗ್ಲಿಲ್ಲ, ಒಪ್ಪಿದೆ

(ತೀರ್ಥಹಳ್ಳಿ ಕಡೆಯ ಓದುಗರೊಬ್ರು ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ: "ಹೋದ ಸಂಚಿಕೆಲಿ, ಡಿಡಿಟಿಯಿಂದ ಇಂಗ್ಲೆಂಡಲ್ಲಿ ಚಾಣ ಅನ್ನೋ ಬೇಟೆ ಹಕ್ಕಿಯ ಮೊಟ್ಟೆ ಒಡೀತಿತ್ತು ಅನ್ನೋ ಲೇಖನ ಓದಿದೆ. ಸೊಳ್ಳೆ ಕೊಲ್ಲೋ ಆ ಡಿಡಿಟಿ ಇಲ್ದಿದ್ರೆ ಮಲೇರಿಯಕ್ಕೆ ಸಿಕ್ಕಿ ಮಲೆನಾಡಲ್ಲಿ ಇವತ್ತು ನಿಮ್ಮ ಪತ್ರಿಕೆ ಓದೋಕೂ ಜನ ಇರ್ತಿರ್ಲಿಲ್ಲ. ನಮ್ಮನೆ ಗೋಡೆಗೆಲ್ಲ ಹೊಡೆದಿದ್ರು, ಕೋಳಿಗಳು ಅಲ್ಲೇ ಮಲಗ್ತಿದ್ವು, ಮೊಟ್ಟೆಗೇನೂ ಆಗಿಲ್ಲ. ಇಂಗ್ಲೆಂಡಿನ ಹದ್ದಿನ ಮೊಟ್ಟೆ ಒಡೆದ್ರೆ ನಮಗೇನು? ಅಪ್ಪಯ್ಯ ಮೂವತ್ತು ವರ್ಷ ಪಂಚಾಂಗದ ಅಂಚಲ್ಲಿ ಮಳೆ, ಕೊಯ್ಲು, ಮಂಗಟ್ಟೆ ಹಕ್ಕಿ ಬಂದಿದ್ದು ಎಲ್ಲ ಬರೆದಿಟ್ಟಿದಾರೆ, ಅದ್ರಲ್ಲೂ ಡಿಡಿಟಿಯಿಂದ ಇಂಥದಾಯ್ತು ಅಂತ ಒಂದು ಸಾಲೂ ಇಲ್ಲ.")

ಮಾರಾಯ್ರೇ, ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡ್ತೀನಿ. ಮಲೇರಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯ, ಎಂಟು ಲಕ್ಷ ಸಾವು ಅನ್ನೋದು ಆಗಿನ ಅಂದಾಜು, 1965ರ ಹೊತ್ತಿಗೆ ಅದು ಒಂದು ಲಕ್ಷ ಕೇಸಿಗೆ ಇಳಿದಿತ್ತು. ಡಿಡಿಟಿ ಹೊಡೆಯೋರು ಪಂಪ್ ಹಿಡ್ಕೊಂಡು ಬಂದು ದೇವರ ಕೋಣೆ ಒಂದು ಬಿಟ್ಟು ಉಳಿದಿದ್ದೆಲ್ಲ ಬೆಳ್ಳಗೆ ಮಾಡಿ ಹೋಗ್ತಿದ್ದಿದ್ದು ನಂಗೂ ನೆನಪಿದೆ. ಸರಿ, ಅದಾಯ್ತು.

ಈಗ ಕೋಳಿ. ನಿಮ್ಮ ಪತ್ರದಲ್ಲಿ ನಂಗೆ ತುಂಬ ಇಷ್ಟವಾದ ಸಾಲು ಅದು, ಯಾಕಂದ್ರೆ ಅದು ನಿಜ, ನಿಜವಾಗಿದ್ದೂ ದಾರಿ ತಪ್ಪಿಸೋ ಮಾತು. ಡಿಡಿಟಿ ಮೈಯೊಳಗೆ ಹೋಗಿ ಡಿಡಿಇ ಅನ್ನೋ ಇನ್ನೊಂದು ವಸ್ತು ಆಗತ್ತೆ, ಕೊಬ್ಬಲ್ಲಿ ಹೋಗಿ ಕೂರತ್ತೆ, ಮೊಟ್ಟೆ ಚಿಪ್ಪಿಗೆ ಸುಣ್ಣದಂಶ ಸೇರೋದನ್ನ ತಡೆಯತ್ತೆ. ಆದ್ರೆ ಕೋಳಿ ಜಾತಿ ಇದಕ್ಕೆ ಅಷ್ಟಾಗಿ ಬಗ್ಗಲ್ಲ, ಬಗ್ಗೋದು ಬೇಟೆ ಹಕ್ಕಿಗಳು. (ಹದ್ದು ಅಂದ್ರಲ್ಲ ನೀವು, ಹದ್ದಲ್ಲ ಸ್ವಾಮಿ, ಚಾಣ, ಪೆರೆಗ್ರಿನ್. ಮೇಲಿಂದ ಎರಗೋವಾಗ ಗಂಟೆಗೆ 300 ಕಿಲೋಮೀಟರ್ ದಾಟೋ ಹಕ್ಕಿಗೆ ಹದ್ದು ಅಂದ್ರೆ ಬೇಜಾರಾಗಲ್ವಾ. ನಮ್ಮ ಘಟ್ಟದ ಬಂಡೆಗಳಲ್ಲೂ ಅದರದೇ ಒಂದು ಬಳಗ ಇದೆ, ಶಾಹೀನ್ ಅಂತಾರೆ.) ಕಾಳಿಗೆ ಮತ್ತು ಹುಳಕ್ಕೆ ಅಂಟಿದ್ದು ಸಣ್ಣ ಹಕ್ಕಿ ಹೊಟ್ಟೆಗೆ, ಅಂಥ ನೂರಾರು ಸಣ್ಣ ಹಕ್ಕಿ ಒಂದು ಚಾಣದ ಹೊಟ್ಟೆಗೆ, ಹಿಂಗೆ ಮೇಲೆ ಹೋಗ್ತಾ ಹೋಗ್ತಾ ಗಟ್ಟಿಯಾಗ್ತಾ ಹೋಗತ್ತೆ. ಹಕ್ಕಿ ಸಾಯಲ್ಲ. ಹಾರತ್ತೆ, ಜೋಡಿ ಕಟ್ಟತ್ತೆ, ಮೊಟ್ಟೆ ಇಡತ್ತೆ, ಕಾವಿಗೆ ಕೂತ್ರೆ ತಾಯಿಯ ಭಾರಕ್ಕೇ ಮೊಟ್ಟೆ ಪಿಚ್ ಅಂತ ಒಡೆಯತ್ತೆ. ಹೊರಗಿಂದ ನೋಡೋರಿಗೆ ಹಕ್ಕಿ ಇದೆಯಲ್ಲ ಅನ್ಸತ್ತೆ, ಮರಿ ಇಲ್ಲ ಅಂತ ಯಾರಿಗೆ ಗೊತ್ತಾಗಬೇಕು?

ಗೊತ್ತಾಗಿದ್ದು ಹೆಂಗೆ ಅನ್ನೋದೇ ನನ್ನ ಹಳೇ ಹುಚ್ಚು, ನಮ್ಮ ಖಾಯಂ ಓದುಗರು ಮತ್ತೆ ಶುರು ಮಾಡ್ದ ಅಂತ ಪುಟ ತಿರುಗಿಸ್ಬಹುದು.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಬಾಂಬರ್ ವಿಮಾನಗಳಲ್ಲಿ ಪಾರಿವಾಳ ಇಟ್ಕೊಂಡು ಹೋಗ್ತಿದ್ರು, ವಿಮಾನ ಬಿದ್ರೆ ಸುದ್ದಿ ತರ್ಲಿ ಅಂತ. ಚಾಣ ಆ ಪಾರಿವಾಳಗಳನ್ನ ಹಿಡಿದು ತಿಂತಿತ್ತು. 1940ರಲ್ಲಿ ಸರ್ಕಾರವೇ ಆರ್ಡರ್ ಹೊರಡಿಸಿ ಸುಮಾರು 600 ಚಾಣ ಕೊಲ್ಲಿಸ್ತು. ಯುದ್ಧ ಮುಗೀತು, ಹಕ್ಕಿ ಪಾಪ ಮತ್ತೆ ಚೇತರಿಸ್ಕೊಂಡ್ವು. 1960ರಲ್ಲಿ ಪಾರಿವಾಳದ ರೇಸ್ ಬಿಡೋರು (ನಮ್ಮ ಬೆಂಗಳೂರಲ್ಲೂ ಇದಾರಲ್ಲ, ಅದೇ ಹುಚ್ಚಿನೋರು) ಚಾಣ ಜಾಸ್ತಿಯಾಗಿದೆ, ಇದಕ್ಕೆ ಕೊಟ್ಟಿರೋ ಕಾನೂನಿನ ರಕ್ಷಣೆ ತೆಗೀರಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ರು. ಸರಿ, ಎಣಿಸೋಣ ಅಂತ 1961ರಲ್ಲಿ ಡೆರೆಕ್ ರಾಟ್‌ಕ್ಲಿಫ್ ಅನ್ನೋ ವಿಜ್ಞಾನಿಗೆ ಗಣತಿ ಜವಾಬ್ದಾರಿ ಬಂತು. ಎಣಿಸಿದ್ರೆ ಉಲ್ಟಾ! ಹಕ್ಕಿ ಜಾಸ್ತಿ ಆಗೋದಿರ್ಲಿ, ಎರಡು ವರ್ಷದೊಳಗೆ ಯುದ್ಧಕ್ಕೆ ಮುಂಚೆ ಇದ್ದಿದ್ದರಲ್ಲಿ ಅರ್ಧವೂ ಇಲ್ಲ ಅಂತಾಯ್ತು. ದೂರು ಕೊಟ್ಟೋರು ಕೊಲ್ಲಿಸೋಕೆ ಹೋಗಿ ಉಳಿಸಿಬಿಟ್ರು.

ಬಿತ್ತನೆ ಬೀಜಕ್ಕೆ ಹಚ್ತಿದ್ದ ಡೀಲ್ಡ್ರಿನ್, ಆಲ್ಡ್ರಿನ್ ಅನ್ನೋ ಬೇರೆ ಕೀಟನಾಶಕಗಳಿಂದ ದೊಡ್ಡ ಹಕ್ಕಿಗಳೂ ಸಾಯ್ತಿದ್ವು, ಅದೂ ಇದರಲ್ಲಿ ಸೇರಿತ್ತು. ಆದ್ರೆ ರಾಟ್‌ಕ್ಲಿಫ್‌ಗೆ ತಲೆ ಕೊರೀತಿದ್ದಿದ್ದು ಒಡೆದ ಮೊಟ್ಟೆ. 1951ರ ಆಸುಪಾಸಿಂದ ಗೂಡುಗಳಲ್ಲಿ ಒಡೆದ ಮೊಟ್ಟೆ ನೋಡ್ತಾ ಬಂದಿದ್ರು, ತಾಯಿಯೇ ಅದನ್ನ ತಿನ್ನೋದನ್ನೂ. ಚಿಪ್ಪು ತೆಳ್ಳಗಾಗಿರಬಹುದು, ಆದ್ರೆ ಮೊದಲು ಎಷ್ಟು ದಪ್ಪ ಇತ್ತು ಅಂತ ಹೇಳೋರ್ಯಾರು? ಹೇಳಿದ್ದು ಕಳ್ಳರು! ಆ ದೇಶದಲ್ಲಿ ಹಕ್ಕಿ ಮೊಟ್ಟೆ ಕದ್ದು, ತೂತು ಮಾಡಿ, ಒಳಗಿನದು ಊದಿ ತೆಗೆದು, ಪೆಟ್ಟಿಗೆಲಿ ಹತ್ತಿ ಹಾಸಿ ಜೋಡಿಸೋ ಹವ್ಯಾಸ ಒಂದಿತ್ತು, 1954ರಲ್ಲಿ ಅದಕ್ಕೆ ಕಾನೂನು ತಡೆ ಹಾಕ್ತು. ಕಳ್ಳರೇ ಆದ್ರೂ ಶಿಸ್ತಿನ ಕಳ್ಳರು, ಪ್ರತಿ ಮೊಟ್ಟೆ ಜೊತೆ ಊರು, ತಾರೀಕು ಬರೆದ ಚೀಟಿ. ರಾಟ್‌ಕ್ಲಿಫ್ ಆ ಪೆಟ್ಟಿಗೆಗಳನ್ನೆಲ್ಲ ತೆಗೆಸಿ, ಉದ್ದ ಅಗಲ ಅಳೆದು, ತೂಕ ಹಾಕಿದ್ರು. 1947ಕ್ಕೆ ಮುಂಚಿನದು ಒಂದು ತೂಕ, ಆಮೇಲಿನದು ಸುಮಾರು ನೂರಕ್ಕೆ ಹತ್ತೊಂಬತ್ತು ಪಾಲು ಕಮ್ಮಿ. ಡಿಡಿಟಿ ಹೊಲಕ್ಕೆ ಇಳಿದ ಕಾಲವೂ ಅದೇ. 1967ರಲ್ಲಿ ಅಚ್ಚಾಯ್ತು. ಮಾರನೇ ವರ್ಷ ಅಮೆರಿಕದಲ್ಲಿ ಜೋಸೆಫ್ ಹಿಕಿ, ಡೇನಿಯಲ್ ಆಂಡರ್ಸನ್ ಅಲ್ಲಿನ ಮ್ಯೂಸಿಯಂ ಮೊಟ್ಟೆ ತೂಗಿ ಅದನ್ನೇ ಹೇಳಿದ್ರು. ಅಲ್ಲಿ ಪೂರ್ವ ಭಾಗದಲ್ಲಿ ಅಷ್ಟೊತ್ತಿಗೆ ಚಾಣದ ಗೂಡು ಒಂದೂ ಉಳಿದಿರ್ಲಿಲ್ಲ. 1972ರಲ್ಲಿ ಅಮೆರಿಕ ಹೊಲಕ್ಕೆ ಡಿಡಿಟಿ ನಿಲ್ಲಿಸ್ತು, ಹಕ್ಕಿ ವಿಜ್ಞಾನಿ ಟಾಮ್ ಕೇಡ್ ಮತ್ತವರ ಜೊತೆಯೋರು ಸಾಕಿದ ಮರಿಗಳನ್ನ ಸಾವಿರಗಟ್ಟಲೆ ಬಿಟ್ರು, 1999ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೆಸರು ತೆಗೆದ್ರು. ನಮ್ಮಲ್ಲಿ ಬೆಳೆಗೆ ಡಿಡಿಟಿ ನಿಂತಿದ್ದು 1989ಕ್ಕೆ, ಸೊಳ್ಳೆಗೆ ಆಮೇಲೂ ನಡೀತು. ಗೋಡೆಗೆ ಹೊಡೆಯೋದು ಬೇರೆ, ಗದ್ದೆಗೆ ಸುರಿಯೋದು ಬೇರೆ, ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದೀರಿ.

ಈಗ ಹೇಳಿ, ಮೊಟ್ಟೆ ಚೀಟಿ ಮೇಲೆ ಡಿಡಿಟಿಯಿಂದ ಹಿಂಗಾಯ್ತು ಅಂತ ಯಾರಾದ್ರೂ ಬರೆದಿದ್ರಾ? ಬರೀ ತಾರೀಕು. ನಿಮ್ಮ ಅಪ್ಪಯ್ಯ ಬರೆದಿದ್ದೂ ಅದನ್ನೇ. ಪಂಚಾಂಗದಲ್ಲಿ ಉತ್ತರ ಇಲ್ಲ ಅಂತ ನೀವು ಅಂತೀರಿ, ಅದನ್ನ ಇನ್ನೂ ಯಾರೂ ಪ್ರಶ್ನೆ ಕೇಳಿಲ್ಲ ಅಂತ ನಾನಂತೀನಿ.

ಸ್ವಿಸ್ ರಸಾಯನಶಾಸ್ತ್ರಜ್ಞ ಪಾಲ್ ಮುಲ್ಲರ್ ಡಿಡಿಟಿಯ ಕೀಟ ಕೊಲ್ಲೋ ಗುಣ ಕಂಡುಹಿಡಿದಿದ್ದು 1939ರಲ್ಲಿ. ಅದೇ 1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡ್ತಿದ್ರು. ಅಂದ್ರೆ ವಿಷ ಬರೋದಕ್ಕೆ ಮುಂಚಿನ ಲೆಕ್ಕ ನಮ್ಮ ಹತ್ರಾನೂ ಇದೆ, ಆಮೇಲೆ ಅಂಥ ಲೆಕ್ಕ ಎಷ್ಟು ಜನ ಇಟ್ರು ಹೇಳಿ. ನಾನು ಓದಿದ ಕಾಲೇಜಲ್ಲಿ (ಹೆಸರು ಬೇಡ) ಹೊಸ ಕಟ್ಟಡ ಆದಾಗ ಪ್ರಾಣಿಶಾಸ್ತ್ರ ವಿಭಾಗದ ಹುಲ್ಲು ತುಂಬಿದ ಹಕ್ಕಿ, ಬಾಟಲಿ, ಮೊಟ್ಟೆ ಡಬ್ಬಿ ಎಲ್ಲ ಎಸೆದ್ರು, ಸರಿ ಹುಳ ಹಿಡಿದಿತ್ತು ಅನ್ನೋಣ, ರಿಜಿಸ್ಟರನ್ನೂ ಗುಜರಿಗೆ ಹಾಕಿದ್ರಲ್ಲ, ಅದೇ ಹೊಟ್ಟೆ ಉರಿ. ಅಟೆಂಡರ್ ಒಬ್ರು ಇಂಕ್ ಪೆನ್ನಲ್ಲಿ ತಾರೀಕು ಸಮೇತ ಬರೆದಿದ್ದ ಪುಸ್ತಕ, ಕಿಲೋ ಲೆಕ್ಕದಲ್ಲಿ ಹೋಯ್ತು.

ಕಾಸರಗೋಡಿನ ಕಥೆ ನೋಡಿ. ಗೇರು ತೋಟಗಳಿಗೆ ಎಪ್ಪತ್ತರ ದಶಕದ ಕೊನೆಯಿಂದ ಸುಮಾರು 2000ದವರೆಗೆ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಹೊಡೆದ್ರು. ಹುಟ್ಟಿದ ಕರುಗಳ ಕಾಲು ಸೊಟ್ಟಗಿರೋದನ್ನ ಗಮನಿಸಿ ಅನುಮಾನ ಪಟ್ಟು ಬರೆದೋರು ಅಲ್ಲೇ ಇದ್ದ ಕನ್ನಡದ ಪತ್ರಕರ್ತ ಶ್ರೀಪಡ್ರೆ. ಆಮೇಲೆ ಸಮಿತಿ, ಅದರ ಮೇಲೆ ಇನ್ನೊಂದು ಸಮಿತಿ, ಸುಪ್ರೀಂ ಕೋರ್ಟ್ ತಡೆ ಕೊಡೋ ಹೊತ್ತಿಗೆ 2011. ಬೆಳ್ತಂಗಡಿಯ ಕೊಕ್ಕಡದಲ್ಲೂ ಅದೇ ಗೋಳು. ಕರುವಿನ ಕಾಲು ಕಣ್ಣಿಗೆ ಕಾಣತ್ತೆ, ಅದಕ್ಕೇ ಇಷ್ಟು ವರ್ಷ ಹಿಡೀತು, ಇನ್ನು ಕಾಡಿನ ಹಕ್ಕಿಯ ಮೊಟ್ಟೆ ಚಿಪ್ಪು ಯಾರು ನೋಡ್ತಾರೆ? ಇಷ್ಟಾದ್ರೂ ನಾವು ಹೊಡೆಯೋದು "ಔಷಧಿ". ಅಂಗಡಿಲಿ ಯಾರಾದ್ರೂ ಒಂದು ಲೀಟರ್ ವಿಷ ಕೊಡಿ ಅಂತ ಕೇಳಿದ್ದು ನಾನು ಕಂಡಿಲ್ಲ. ಬಡ ರೈತನ ಮೇಲೆ ನನ್ನ ಸಿಟ್ಟಿಲ್ಲ, ಎಷ್ಟು ಹೊಡೆದೆ ಯಾವಾಗ ಹೊಡೆದೆ ಅಂತ ಬರೆದಿಡೋಕೆ ಯಾರೂ ಅವನಿಗೆ ಹೇಳ್ಕೊಟ್ಟಿಲ್ಲ ಅಷ್ಟೆ. ನಮ್ಮ ಹಕ್ಕಿ ಫೋಟೋಗ್ರಾಫರ್‌ಗಳ ಬಗ್ಗೆ ಸ್ವಲ್ಪ ಸಿಟ್ಟಿದೆ, ಐದಾರು ಲಕ್ಷದ ಲೆನ್ಸು, ಸ್ಟೇಟಸ್ಸಿಗೆ ಚಂದದ ಫೋಟೋ, ಆದ್ರೆ ಈ ವರ್ಷ ಆ ಗೂಡಲ್ಲಿ ಮರಿ ಎದ್ದಿಲ್ಲ ಅಂತ ಒಂದು ಸಾಲು ಬರೀರಿ ಅಂದ್ರೆ ಟೈಮಿಲ್ಲ.

ನಿಮ್ಮ ಅಪ್ಪಯ್ಯನಿಗೆ ಟೈಮಿತ್ತು. ಅದಕ್ಕೇ ಪತ್ರ ಇಷ್ಟುದ್ದ ಆಯ್ತು ನೋಡಿ, ನಿಮ್ಮನ್ನ ಬೈಯೋಕೆ ಕೂತೋನು ಅವರ ಫ್ಯಾನ್ ಆಗಿಬಿಟ್ಟೆ. ಆ ಪಂಚಾಂಗಗಳು ಅಟ್ಟದ ಮೇಲಿದ್ರೆ ಇವತ್ತೇ ಇಳಿಸಿ, ವರಲೆ ನಿಮ್ಮ ಮಗನಿಗಿಂತ ಮುಂಚೆ ಓದಿಬಿಡತ್ತೆ. ಪುಟ ಹರೀಬೇಡಿ, ಅಕ್ಷರ ತಿದ್ದಬೇಡಿ, ಮೊಬೈಲಲ್ಲಿ ವರ್ಷದ ಪ್ರಕಾರ ಒಂದೊಂದೇ ಫೋಟೋ ತೆಗೆದು ಕಳಿಸಿ, ಖರ್ಚು ಪತ್ರಿಕೆದು. ಮಂಗಟ್ಟೆ ಬಂದಿದ್ದು, ರಣಹದ್ದು ಕೊನೇ ಸಲ ಕಂಡಿದ್ದು, ಗದ್ದೆಗೆ ಮೊದಲ ಸಲ ಔಷಧಿ ಹೊಡೆದಿದ್ದು, ಯಾವುದಿದ್ರೂ ಸರಿ. ಕೋಳಿ ಬಗ್ಗೆ ಏನಾದ್ರೂ ಬರೆದಿದ್ರೆ ಅದೂ ಇರ್ಲಿ.

— ಸಂ.