ಗೊದಮೊಟ್ಟೆ ಎಲ್ಲಿ ಹೋದವು?

ಪ್ರಶ್ನೆ: ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ 9 ಗೋಲ್ಡ್‌ಫಿಶ್ ಇವೆ. ಮೊದಲ ಮಳೆಗೆ ಕಪ್ಪೆ ಇಟ್ಟ ಮೊಟ್ಟೆ ಎರಡೇ ದಿನದಲ್ಲಿ ಮಾಯ. ಎರಡನೇ ಸಲದ್ದು ಮಾತ್ರ ಉಳಿದು, ಈಗ ತೊಟ್ಟಿ ತುಂಬಾ ಕರೀ ಗೊದಮೊಟ್ಟೆ. ಮೀನಿಗೆ ತೊಂದರೆಯಾ? ನಮ್ಮತ್ತೆ ಎಲ್ಲಾ ಚೆಲ್ಲು ಅಂತಾರೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ಚೆಲ್ಲಬೇಡಿ ತಾಯಿ. ಅತ್ತೆಯವರಿಗೆ ನಾನು ಹೇಳಿದೆ ಅನ್ನಿ.

ಮಾಯ ಮಾಡಿದ್ದು ನಿಮ್ಮ ಗೋಲ್ಡ್‌ಫಿಶ್ಶೇ. ಕಪ್ಪೆ ಮೊಟ್ಟೆಗೆ ಚಿಪ್ಪಿಲ್ಲ, ಬರೀ ಲೋಳೆ. ಮೀನಿಗೆ ಸಬ್ಬಕ್ಕಿ ಪಾಯಸ ಸಿಕ್ಕ ಹಾಗೆ. ಎರಡನೇ ಸಲದ್ದು ನೆಲಗಪ್ಪೆಯದಿರಬೇಕು, ಮೈಯೆಲ್ಲ ಗಂಟುಗಂಟು ಇರುತ್ತಲ್ಲ, ಅದು. ಮೊಟ್ಟೆ ಕರಿಮಣಿ ಸರದ ಹಾಗೆ ಉದ್ದಕ್ಕೆ ಇತ್ತಾ? ಹಾಗಿದ್ದರೆ ಅನುಮಾನವೇ ಬೇಡ. ಅದರ ಮರಿ ಬಾಯಿಗೆ ರುಚಿಸಲ್ಲ, ಮೀನು ಕಚ್ಚಿ ಉಗುಳಿಬಿಡುತ್ತದೆ. ಮರಿಗಳೂ ಮೀನಿನ ತಂಟೆಗೆ ಹೋಗಲ್ಲ, ಪಾಚಿ ಕೆರೆದು ತಿನ್ನುತ್ತವೆ. ಮಳೆಗೆ ಹಳದಿಯಾಗುತ್ತಲ್ಲ, ಆ ದೊಡ್ಡ ಕಪ್ಪೆ ಬಂದರೆ ಮಾತ್ರ ಹುಷಾರು. ಸಣ್ಣ ಮೀನನ್ನೂ ನುಂಗಬಲ್ಲದು.

ನಾನೂ ಪೆಟ್ಟು ತಿಂದವಳೇ. ಮೈಸೂರಿನ ನಮ್ಮ ಮನೆ ತೊಟ್ಟಿಗೆ ಸೊಳ್ಳೆ ಕಾಟಕ್ಕೆ ಅಂತ ಗಪ್ಪಿ ಬಿಟ್ಟಿದ್ದೆ. ಮೇಲೆ ಬಾಗಿದ ದಾಸವಾಳದ ಎಲೆಗೆ ಮರಗಪ್ಪೆ ನೊರೆಗೂಡು ಕಟ್ಟಿತು. ಸೋಪಿನ ನೊರೆ ಅಂದುಕೊಂಡು ನಮ್ಮ ಯಜಮಾನರು ಒರೆಸಲು ಹೊರಟಿದ್ದರು, ತಡೆದೆ. ಕೆಲವು ದಿನ ಕಳೆದು ನೊರೆ ಕರಗಿ ಮರಿಗಳು ಟಪ್ ಟಪ್ ಅಂತ ನೀರಿಗೆ ಉದುರಿದವು. ಕೆಳಗೆ ಗಪ್ಪಿಗಳು ಕಾದಿದ್ದವು. ಒಂದೂ ಉಳಿಯಲಿಲ್ಲ. ಮುಂದಿನ ವರ್ಷ ಗೂಡಿನ ಕೆಳಗೆ ಬೇಸಿನ್ ಇಟ್ಟೆ.

ನೀವೂ ಅರ್ಧ ಮರಿಗಳನ್ನು ಬೇಸಿನ್ನಿಗೆ ಸಾಗಿಸಿ, ಜಾಸ್ತಿಯಾದರೆ ತೊಟ್ಟಿ ನೀರು ಕೆಡುತ್ತದೆ. ಬೇಸಿನ್ನಿಗೂ ತೊಟ್ಟಿಯ ನೀರೇ ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಬೇಯಿಸಿದ ಪಾಲಕ್ ಎಲೆ ಚೂರು ಸಾಕು, ಅನ್ನ ಹಾಕಬೇಡಿ, ನಾರುತ್ತದೆ.

ಇನ್ನೊಂದು ಮಾತು. ಸಿಮೆಂಟ್ ತೊಟ್ಟಿಯ ಗೋಡೆ ನೇರ. ಕಾಲು ಮೂಡಿ ಬಾಲ ಕರಗುವ ಹೊತ್ತಿಗೆ ಮರಿ ಗಾಳಿಗೆ ಬರಬೇಕು, ಹತ್ತಲು ಜಾಗವಿಲ್ಲದಿದ್ದರೆ ಮುಳುಗಿ ಸಾಯುತ್ತದೆ. ತೆಂಗಿನ ಮಟ್ಟೆಯೊಂದನ್ನು ಓರೆಯಾಗಿ, ತುದಿ ನೀರೊಳಗೆ ಇರುವಂತೆ ನಿಲ್ಲಿಸಿ. ಬೆಳಿಗ್ಗೆ ಎದ್ದು ನೋಡಿದರೆ ಕಡಲೆಕಾಳಿನಷ್ಟು ಕಪ್ಪೆಗಳು ಅದರ ಮೇಲೆ ಸಾಲಾಗಿ ಕೂತಿರುತ್ತವೆ. ಒಂದು ವಾರ ಅಂಗಳದಲ್ಲಿ ನೋಡಿಕೊಂಡು ಕಾಲಿಡಿ.